ನಮ್ಮಜ್ಜಿಯ ಎಡ ಬಲ

ಆಯುಧಪೂಜೆಯ ದಿನ ಫ್ಯಾಕ್ಟರಿಯ ಲಕ್ಕಿ ಡ್ರಾದಲ್ಲಿ ನನ್ನ ಟೋಕನ್ ನಂಬರ್ ಕೂಗಿದಾಗ ನಾನು ಎರಡನೇ ಸಲ ಕಡಲೆಪುರಿ ಇಸಿದುಕೊಳ್ಳುವ ಸಾಲಿನಲ್ಲಿ ನಿಂತಿದ್ದೆ. ಮೊದಲ ಬಹುಮಾನ! ನಾನು ನಂಬಲಿಲ್ಲ. ಪಕ್ಕದವಳು ನನ್ನ ಕೈಯಿಂದ ಚೀಟಿ ಕಿತ್ತುಕೊಂಡು ಓದಿ, ನನ್ನನ್ನು ವೇದಿಕೆಯ ಕಡೆಗೆ ದಬ್ಬಿದಳು. ಪುರಿಯ ಪೊಟ್ಟಣ ಬಿಡದೆಯೇ ಹೋಗಿ ಮ್ಯಾನೇಜರರ ಕೈಯಿಂದ ಒಂದು ಉದ್ದನೆಯ ಪೆಟ್ಟಿಗೆ ತೆಗೆದುಕೊಂಡೆ. ಒಳಗಿರುವುದು ಸೌಂಡ್‌ಬಾರ್ ಎಂದು ಮೇಲಿನ ಚಿತ್ರ ನೋಡಿ ತಿಳಿಯಿತು. ಟಿವಿಯ ಮುಂದೆ ಅಡ್ಡಕ್ಕೆ ಇಡುವ ಉದ್ದ ಸ್ಪೀಕರ್ ಅದು. ಆಗ ನಮ್ಮ ಕಡೆ ಯಾರ ಮನೆಯಲ್ಲೂ ಇರಲಿಲ್ಲ. ಎರಡನೇ ಬಹುಮಾನವಾಗಿ ಮಿಕ್ಸಿ ಪಡೆದವಳು ಬಂದು, ಬದಲಾಯಿಸಿಕೊಳ್ಳೋಣವಾ ಎಂದು ನಯವಾಗಿ ಕೇಳಿದಳು. ನಾನು ಪೆಟ್ಟಿಗೆಯನ್ನು ತಬ್ಬಿಕೊಂಡು ಕಂಪನಿ ಬಸ್ಸು ಹತ್ತಿದೆ.

ಬಿಡದಿಯಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದು, ಅವುಗಳ ಬಸ್ಸುಗಳು ಹೆದ್ದಾರಿಯುದ್ದಕ್ಕೂ ನಮ್ಮಂಥ ಹುಡುಗಿಯರನ್ನು ಹತ್ತಿಸಿಕೊಂಡು ಹೋಗತೊಡಗಿ ಕೆಲವೇ ವರ್ಷಗಳಾಗಿದ್ದವು. ನನ್ನ ಕೆಲಸ ಇನ್ಸ್‌ಪೆಕ್ಷನ್ ಟೇಬಲ್ಲಿನಲ್ಲಿ. ಕಾರಿನ ಬಾಗಿಲ ಹಿಡಿಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿ, ಕೂದಲೆಳೆಯಷ್ಟು ಗೀರು ಇದ್ದರೂ ಪಕ್ಕಕ್ಕೆ ಎತ್ತಿಡಬೇಕು. ಈ ಹುಡುಗಿಯ ಕಣ್ಣು ತಪ್ಪಿಸಿ ಒಂದು ಹಿಡಿಯೂ ಹೋಗುವುದಿಲ್ಲ ಎಂದು ಸೂಪರ್‌ವೈಸರ್ ನಾಲ್ಕು ಜನರ ಮುಂದೆ ಹೇಳಿದ್ದರು. ಆ ಮಾತಿನಿಂದ ನನಗೆ ಸ್ವಲ್ಪ ಕೊಬ್ಬು ಬಂದಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಕಣ್ಣಿಗೆ ಕಂಡರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ.

ನಮ್ಮ ಊರು ಬೈರಾಪಟ್ಟಣದಿಂದ ಸ್ವಲ್ಪ ಒಳಗೆ, ಹಿಪ್ಪುನೇರಳೆ ತೋಟಗಳ ನಡುವೆ. ಮನೆಯಲ್ಲಿ ಅಪ್ಪ, ಅವ್ವ, ಚನ್ನಪಟ್ಟಣದಲ್ಲಿ ಡಿಗ್ರಿ ಓದುತ್ತಿದ್ದ ತಂಗಿ, ಮತ್ತು ಅಪ್ಪನ ತಾಯಿಯಾದ ನಮ್ಮಜ್ಜಿ. ಅಜ್ಜಿಗೆ ಎರಡು ವರ್ಷದ ಹಿಂದೆ ಕಣ್ಣು ಪೂರ್ತಿ ಹೋಗಿತ್ತು. ಕಣ್ಣಿನ ನರವೇ ಒಣಗಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ ದಿನ ಮನೆಯವರೆಲ್ಲ ಅತ್ತೆವು, ಅಜ್ಜಿ ಮಾತ್ರ ಅಳಲಿಲ್ಲ. ಮಾರನೆಯ ದಿನದಿಂದಲೇ ಕಿವಿಯ ಮೇಲೆ ಬದುಕಲು ಶುರುಮಾಡಿದಳು. ನಲ್ಲಿ ತೊಟ್ಟಿಕ್ಕುವ ಸದ್ದು ಹಿಡಿದು ಬಚ್ಚಲಿಗೆ, ಹಸುವಿನ ಕೊರಳ ಗಂಟೆ ಹಿಡಿದು ಕೊಟ್ಟಿಗೆಗೆ. ಹಿತ್ತಲ ಬಾಗಿಲಿನಿಂದ ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ ಎಡಕ್ಕೆ ನೀರಿನ ತೊಟ್ಟಿ, ಬಲಕ್ಕೆ ತಿಪ್ಪೆ. ಎರಡರ ನಡುವೆ ಸಂಜೆ ಸಂಜೆ ಒಬ್ಬಳೇ ಹೋಗಿ ಹಸುವಿನ ಮೈ ಸವರಿ ಬರುತ್ತಿದ್ದಳು. ನಾವು ಯಾರಾದರೂ ಕೈ ಹಿಡಿಯಲು ಹೋದರೆ ಆ ಕೈಗೇ ಒಂದು ಏಟು ಬೀಳುತ್ತಿತ್ತು.

ನಾನು ಸೌಂಡ್‌ಬಾರ್ ತಂದ ಹೊತ್ತಿಗೆ ನಡುಮನೆಯಲ್ಲಿ ಅರ್ಧ ಜಾಗ ರೇಷ್ಮೆಹುಳುಗಳದಾಗಿತ್ತು. ಪಡುವಣ ಗೋಡೆಗೆ ಸೇರಿದಂತೆ ಹುಳುವಿನ ತಟ್ಟೆಗಳ ಸ್ಟ್ಯಾಂಡು, ಅದಕ್ಕೆ ನೊಣ ಬರದಂತೆ ನೈಲಾನ್ ಪರದೆ. ಎದುರಿನ ಮೂಡಣ ಗೋಡೆಗೆ ಟಿವಿ. ಟಿವಿಯ ಪಕ್ಕದಲ್ಲಿ, ಹಿಂದಿನ ವರ್ಷ ನಾನೂ ತಂಗಿಯೂ ಹಟ ಮಾಡಿ ತಂದುಕೊಂಡಿದ್ದ, ಯಾರೋ ಆಡಿ ಬಿಟ್ಟಿದ್ದ ವಿಡಿಯೊ ಗೇಮಿನ ಕನ್ಸೋಲ್. ಮದುವೆ ವಯಸ್ಸಿನ ಹೆಣ್ಣುಮಕ್ಕಳು ಟಿವಿಯ ಮುಂದೆ ಕೂತು ಗುದ್ದಾಡುವುದನ್ನು ನೋಡಿ ಅವ್ವ ಮೊದಮೊದಲು ಹಣೆ ಚಚ್ಚಿಕೊಂಡಿದ್ದಳು, ಆಮೇಲೆ ಅಭ್ಯಾಸವಾಯಿತು. ನಮ್ಮ ಹತ್ತಿರ ಇದ್ದದ್ದು ಒಂದೇ ಆಟ. ಇಬ್ಬರು ಜಟ್ಟಿಗಳು ಒಬ್ಬರನ್ನೊಬ್ಬರು ಒದೆಯುವುದು, ಮೂರರಲ್ಲಿ ಎರಡು ಸುತ್ತು ಗೆದ್ದವರು ಗೆದ್ದಂತೆ.

ಮಾರನೆಯ ದಿನ ವಿಜಯದಶಮಿಯ ರಜೆ, ಬೆಳಿಗ್ಗೆ ತಿಂಡಿ ಕೂಡ ತಿನ್ನದೆ ಜೋಡಿಸಲು ಕೂತೆವು. ಕನ್ಸೋಲಿನಿಂದ ನೇರವಾಗಿ ಸೌಂಡ್‌ಬಾರಿಗೆ ಒಂದು ಸಣ್ಣ ಕೇಬಲ್. ಅದರ ತುದಿಯಲ್ಲಿ ಕೆಂಪು ಬೆಳಕು ಬರುತ್ತಿತ್ತು, ಬೆಳಕಿನ ಮೇಲೆಯೇ ಸದ್ದು ಹೋಗುತ್ತದಂತೆ! ತಂಗಿ ಅದನ್ನು ಅಂಗೈಗೆ ಹಿಡಿದು ಹಿಡಿದು ನೋಡಿದಳು. ಸಿಕ್ಕಿಸಿ ಆನ್ ಮಾಡಿದೆವು. ಸದ್ದೇ ಇಲ್ಲ. ಕನ್ಸೋಲಿನ ಮೆನುವಿನಲ್ಲಿ ಸೌಂಡ್ ಎನ್ನುವ ಜಾಗಕ್ಕೆ ಹೋಗಿ, ಸದ್ದು ಟಿವಿಗೆ ಬೇಡ, ಕೇಬಲ್ಲಿಗೆ ಕೊಡು ಎಂದು ಒಪ್ಪಿಸಬೇಕಾಗಿತ್ತು. ಅದು ಗೊತ್ತಾಗಲು ಒಂದು ಗಂಟೆ ಹಿಡಿಯಿತು. ಗೊತ್ತಾದ ಕ್ಷಣ ಜಟ್ಟಿಯೊಬ್ಬ ನಡುಮನೆಯೇ ಅದುರುವಂತೆ ಗುಟುರು ಹಾಕಿದ, ನಾವಿಬ್ಬರೂ ಕುಣಿದುಬಿಟ್ಟೆವು. ಅವ್ವ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು.

ಆಮೇಲೆ ಶುರುವಾಯಿತು ನಮ್ಮ ಜಗಳ. ಸೌಂಡ್‌ಬಾರಿನ ರಿಮೋಟಿನಲ್ಲಿ ನಾಲ್ಕು ತರಹದ ಸದ್ದು. ಮೂವಿ ಎಂದು ಒತ್ತಿದರೆ ಎದೆ ನಡುಗುವ ದಢದಢ. ನ್ಯೂಸ್ ಎಂದರೆ ಜಟ್ಟಿಗಳು ವಾರ್ತೆ ಓದಿದ ಹಾಗೆ ಒದೆಯುತ್ತಿದ್ದರು. ಸರೌಂಡ್ ಎಂದರೆ ಸದ್ದು ನಾಲ್ಕೂ ಕಡೆಯಿಂದ ಬಂದಂತಾಗಿ ಯಾವ ಕಡೆಯಿಂದಲೂ ಬರುತ್ತಿರಲಿಲ್ಲ. ಕೊನೆಯದು ಬರೀ ಸ್ಟೀರಿಯೊ. ಇದರ ಮೇಲೆ ಕನ್ಸೋಲಿನ ಮೆನುವಿನಲ್ಲಿ ಬೇರೆ ಪಟ್ಟಿ, ಆಟದ ಒಳಗಿನ ಮೆನುವಿನಲ್ಲಿ ಮತ್ತೊಂದು. ತಂಗಿಗೆ ಸರೌಂಡೇ ಬೇಕು, ನನಗೆ ಮೂವಿಯೇ ಬೇಕು. ರಿಮೋಟು ಅವಳ ಕೈಯಿಂದ ನನ್ನ ಕೈಗೆ, ನನ್ನ ಕೈಯಿಂದ ಅವಳ ಕೈಗೆ ಹಾರಾಡಿತು.

ಅಷ್ಟರಲ್ಲಿ ಮೂಲೆಯ ಮಂಚದ ಮೇಲಿದ್ದ ಅಜ್ಜಿ ಮಾತಾಡಿದಳು.

“ಆಗ್ಲೇ ಒಂದಪ ಇಟ್ಟಿದ್ರಲ್ಲ, ಅದೇ ಚೆಂದಾಗಿತ್ತು ಕಣ್ರಮ್ಮಿ. ಎಡಗಡೆಯೋನು ಎಡಗಡೇನೇ ಇದ್ದ, ಬಲಗಡೆಯೋನು ಬಲಗಡೇನೇ ಇದ್ದ. ಈಗ ಇಬ್ರೂ ಎಲ್ಲವ್ರೆ ಅಂತ್ಲೇ ಗೊತ್ತಾಯ್ತಿಲ್ಲ.”

ನಾವು ಸ್ಟೀರಿಯೊ ಒತ್ತಿದೆವು. ಆಟ ಓಡಿಸಿದೆವು. ಅಜ್ಜಿ ಮಂಚದ ಮೇಲೆ ಎದ್ದು ಕೂತು, ತಲೆ ಬಗ್ಗಿಸಿ, ಈಗ ದಪ್ಪನೆಯವನು ಹಿಂದೆ ಹೋದ, ಈಗ ಸಣಕಲ ಹಾರಿ ಆ ಕಡೆಗೆ ಬಂದ, ಈಗ ಬಿದ್ದ ಎಂದು ಒಂದೊಂದೇ ಹೇಳುತ್ತ ಹೋದಳು. ಒಂದೂ ತಪ್ಪಲಿಲ್ಲ! ನನಗೆ ಮೈ ಜುಮ್ಮೆಂದಿತು. ಜಾಯ್‌ಸ್ಟಿಕ್ಕನ್ನು ಅವಳ ಕೈಗೆ ಕೊಟ್ಟು, ಈ ಕಡ್ಡಿ ತಳ್ಳಿದರೆ ನಡೆಯುವುದು, ಈ ಗುಂಡಿ ಗುದ್ದುವುದು, ಇದು ಒದೆಯುವುದು, ಏಟು ಬರುವಾಗ ಎದುರಾಳಿ ಇರುವ ಕಡೆಗೆ ಬೆನ್ನು ಕೊಡುವಂತೆ ಕಡ್ಡಿ ಎಳೆದರೆ ಏಟು ತಾಗುವುದಿಲ್ಲ ಎಂದು ಬೆರಳು ಹಿಡಿದು ತೋರಿಸಿದೆ. ಇದೊಂದು ಬಾಕಿ ಇತ್ತು ನೋಡು ಎಂದು ಅಜ್ಜಿ ಬೈದಳು, ಆದರೆ ಜಾಯ್‌ಸ್ಟಿಕ್ ವಾಪಸ್ ಕೊಡಲಿಲ್ಲ.

ಆ ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ಫ್ಯಾಕ್ಟರಿಯಲ್ಲಿ ಯಾರೂ ನಂಬಲಿಲ್ಲ. ಮೊದಲ ಎರಡು ದಿನ ತಂಗಿ ಅಜ್ಜಿಯನ್ನು ಸೋಲಿಸಿದಳು. ಮೂರನೆಯ ದಿನ ಒಂದು ಸುತ್ತು ಅಜ್ಜಿಯದಾಯಿತು. ನಾಲ್ಕನೆಯ ದಿನ ನಾನು ಫಸ್ಟ್ ಶಿಫ್ಟ್ ಮುಗಿಸಿ ಚನ್ನಪಟ್ಟಣದಲ್ಲಿ ಇಳಿದು, ಊರ ಬಸ್ಸಿಗೆ ಕಾಯಲಾರದೆ ಆಟೊ ಹತ್ತಿ ಮನೆಗೆ ಓಡಿದೆ. ಸಂಜೆಯ ಆಟ ತಪ್ಪಿಸಿಕೊಳ್ಳುವ ಮಾತೇ ಇರಲಿಲ್ಲ. ಅಜ್ಜಿ ದಪ್ಪ ದನಿಯ ಜಟ್ಟಿಯನ್ನು ತನ್ನವನೆಂದು ಆರಿಸಿಕೊಂಡಿದ್ದಳು. ತಂಗಿಯ ಸಣಕಲ ಹಾರುವ ಮುಂಚೆ ಒಮ್ಮೆ ಕೀಚಲು ದನಿಯಲ್ಲಿ ಕೂಗುತ್ತಾನೆ. ನಾವು ನೂರಾರು ಸಲ ಆಡಿದ್ದರೂ ಅದನ್ನು ಗಮನಿಸಿರಲಿಲ್ಲ. ಅಜ್ಜಿ ಆ ಕೂಗಿಗೆ ಕಾದು, ಅವನು ಗಾಳಿಯಲ್ಲಿರುವಾಗಲೇ ಕಡ್ಡಿಯನ್ನು ಇನ್ನೊಂದು ಕಡೆಗೆ ತಿರುಗಿಸಿ, ಇಳಿಯುತ್ತಿದ್ದಂತೆ ಒದ್ದಳು. ಎರಡು ಸುತ್ತೂ ಅವಳದೇ. ತಂಗಿ ಬಾಯಿ ಬಿಟ್ಟುಕೊಂಡು ಕೂತಳು. ಸೊಪ್ಪು ಹೊತ್ತು ತಂದಿದ್ದ ಅಪ್ಪ ಹೊರೆ ಇಳಿಸುವುದನ್ನೂ ಮರೆತು ಬಾಗಿಲಲ್ಲಿ ನಿಂತು ನಕ್ಕ. ಎರಡು ವರ್ಷದಲ್ಲಿ ಅಜ್ಜಿಯ ಮುಖ ಅಷ್ಟು ಕೆಂಪಾದದ್ದನ್ನು ನಾನು ಕಂಡಿರಲಿಲ್ಲ, ನನಗೆ ಹೇಳಲಾರದಷ್ಟು ಸಂತೋಷವಾಯಿತು.

ಮಾರನೆಯ ದಿನ ಹುಳುಗಳು ನಾಲ್ಕನೇ ಜ್ವರಕ್ಕೆ ಬಿದ್ದವು. ಪೊರೆ ಕಳಚುವ ಮುಂಚೆ ಹುಳು ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ನಿಂತುಬಿಡುತ್ತದೆ. ನಮ್ಮಲ್ಲಿ ಅದನ್ನೇ ಜ್ವರ ಎನ್ನುವುದು. ನಾಲ್ಕನೆಯದೇ ಕೊನೆಯ ಜ್ವರ. ಅದಾದ ಮೇಲೆ ಒಂದು ವಾರ ಹೊಟ್ಟೆಬಾಕತನದಿಂದ ತಿಂದು, ಹಣ್ಣಾಗಿ ಗೂಡು ಕಟ್ಟುತ್ತವೆ. ಜ್ವರದ ಹುಳುವಿನ ಮನೆಯಲ್ಲಿ ಅವ್ವನ ಕಾನೂನು ಬಲು ಕಟ್ಟುನಿಟ್ಟು. ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ನಾವು ಪೌಡರ್ ಬಳಿದುಕೊಂಡು ಒಳಗೆ ಬರುವಂತಿಲ್ಲ, ಗಟ್ಟಿ ಸದ್ದು ಮಾಡುವಂತಿಲ್ಲ. ಸೌಂಡ್‌ಬಾರ್ ಬಂದಾಗಿನಿಂದಲೂ ಅವಳಿಗೆ ಅದರ ಮೇಲೆ ಕಣ್ಣಿತ್ತು. ಅದರ ಬಾಯಿ ನೇರವಾಗಿ ನನ್ನ ಹುಳುವಿಗೇ ಇದೆ, ಜ್ವರ ಬಿಟ್ಟು ಗೂಡಾಗುವವರೆಗೆ ಅದನ್ನು ಎತ್ತಿಡಿ ಎಂದಳು.

ಅಜ್ಜಿಯ ಆಟ ನಿಲ್ಲಿಸುವುದೇ! ನಾನು ಅವ್ವನ ಜೊತೆ ವಾದ ಮಾಡಿದೆ, ಗೋಗರೆದೆ, ಕೊನೆಗೆ ಒಂದು ಉಪಾಯ ಹೂಡಿದೆ. ಸೌಂಡ್‌ಬಾರನ್ನು ಮೂಡಣ ಗೋಡೆಯ ಕಡೆಗೆ ಮುಖ ಮಾಡಿ ತಿರುಗಿಸಿಟ್ಟೆ. ಹುಳುವಿನ ಕಡೆಗೆ ಈಗ ಅದರ ಬೆನ್ನು. ಸದ್ದು ಕಡಿಮೆ ಇಟ್ಟು, ಅದುರುವಿಕೆ ತಾಗದಂತೆ ಕೆಳಗೆ ಹಳೇ ಕಂಬಳಿ ಮಡಿಸಿ ಹಾಕಿ, ಮೇಲೆ ಒಂದು ಟವೆಲ್ ಹೊದಿಸಿದೆ. ಅವ್ವ ಪರದೆ ಎತ್ತಿ ಹುಳುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಸರಿ ಎಂದಳು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಆ ಸಂಜೆ ಅಜ್ಜಿ ಎಂದಿನಂತೆ ಮಂಚದ ತುದಿಗೆ ಬಂದು ಕೂತು ಜಾಯ್‌ಸ್ಟಿಕ್ ಹಿಡಿದಳು. ಆಟ ಶುರುವಾಯಿತು. ಅವಳ ದಪ್ಪ ಜಟ್ಟಿ ಎದುರಾಳಿಯ ಹತ್ತಿರ ಹೋಗುವ ಬದಲು ಹಿಂದೆ ಹಿಂದೆ ನಡೆದು ಮೂಲೆಗೆ ಸೇರಿಕೊಂಡ. ತಂಗಿ ಅಲ್ಲೇ ಹಿಡಿದು ಚಚ್ಚಿದಳು. ಎರಡನೇ ಸುತ್ತೂ ಹಾಗೆಯೇ. ಸದ್ದು ಒಂಚೂರು ಮೆತ್ತಗಿತ್ತು ನಿಜ, ಆದರೆ ಕೇಳಿಸದಷ್ಟೇನೂ ಅಲ್ಲ. ಅಜ್ಜಿ ಕಿವಿಯ ಮೇಲಿನ ಸೆರಗು ಸರಿಸಿ, ಇವತ್ತು ನನ್ನನ್ನು ಬಲಗಡೆ ನಿಲ್ಲಿಸಿದ್ದೀರಾ ಎಂದು ಕೇಳಿದಳು. ಇಲ್ಲ ಅಜ್ಜಿ, ನೀನು ಯಾವಾಗಿನಂತೆ ಎಡಗಡೆಯೇ ಇದ್ದೀಯ ಎಂದು ನಾವಿಬ್ಬರೂ ಒಟ್ಟಿಗೇ ಹೇಳಿದೆವು. ಕಣ್ಣಾರೆ ಕಾಣುತ್ತಿತ್ತಲ್ಲ. ಅಜ್ಜಿ ಮತ್ತೆ ಕೇಳಿದಳು, ಸರಿಯಾಗಿ ನೋಡ್ರಮ್ಮಿ ಎಂದಳು. ನಾನು ಟಿವಿಯ ಗಾಜಿನ ಮೇಲೆ ಬೆರಳಿಟ್ಟು ನೋಡಿ, ಎಡಗಡೆಯೇ ಎಂದೆ.

ಎರಡನೇ ದಿನವೂ ಸೋಲು, ಮೂರನೇ ದಿನವೂ ಸೋಲು. ತಂಗಿಗೆ ಕನಿಕರವಾಗಿ ಬೇಕೆಂದೇ ನಿಧಾನ ಆಡಿದಳು. ಅದು ಅಜ್ಜಿಗೆ ತಕ್ಷಣ ಗೊತ್ತಾಗಿ ಜಾಯ್‌ಸ್ಟಿಕ್ಕನ್ನು ಹಾಸಿಗೆಯ ಮೇಲೆ ಇಟ್ಟುಬಿಟ್ಟಳು. ನನಗೆ ಆಡಿದ್ದು ಸಾಕು ಎಂದಳು, ಬೈಯಲೂ ಇಲ್ಲ. ಆ ಸಂಜೆ ಕೊಟ್ಟಿಗೆಗೆ ಹೋಗುವ ಹೊತ್ತಾದಾಗ ಎದ್ದು ಹಿತ್ತಲ ಬಾಗಿಲವರೆಗೆ ಬಂದವಳು ಹೊಸ್ತಿಲ ಮೇಲೆಯೇ ನಿಂತಳು. ಹಸುವಿನ ಗಂಟೆ ನನಗೂ ಕೇಳುತ್ತಿತ್ತು. ಅಜ್ಜಿ ಒಂದು ಕಾಲು ಹೊರಗಿಟ್ಟು ಮತ್ತೆ ಒಳಗೆಳೆದುಕೊಂಡಳು.

“ಒಸಿ ಕೈ ಹಿಡ್ಕ ಮಗ. ಕಣ್ಣಂತೂ ಹೋಯ್ತು, ಈಗ ಕಿವೀನೂ ಎಡ ಬಲ ತಪ್ಪುಸ್ತೈತೆ. ತೊಟ್ಟಿಗೆ ಬಿದ್ದುಬುಟ್ಟೇನು.”

ಎರಡು ವರ್ಷದಲ್ಲಿ ಅಜ್ಜಿ ತಾನಾಗಿ ಕೈ ಚಾಚಿದ್ದು ಅದೇ ಮೊದಲು. ಆ ಕೈ ಹಿಡಿದುಕೊಂಡು ಕೊಟ್ಟಿಗೆಗೆ ಹೋದೆ. ಮಾರನೆಯ ದಿನ ಅವಳು ಬಚ್ಚಲಿಗೂ ಕೈ ಕೇಳಿದಳು. ಅದರ ಮಾರನೆಯ ದಿನ ಕೊಟ್ಟಿಗೆಗೆ ಹೋಗುವುದೇ ಬೇಡ ಎಂದು ಮಲಗಿದಳು. ಅಪ್ಪ ಕಿವಿಯ ಡಾಕ್ಟರರ ಹತ್ತಿರ ಕರೆದೊಯ್ಯೋಣ ಎಂದರೆ, ಇನ್ನೇನು ಉಳಿದಿದೆ ಅಂತ ತೋರಿಸ್ತೀಯಪ್ಪ ಎಂದು ಗೋಡೆಯ ಕಡೆಗೆ ಹೊರಳಿದಳು.

ನನಗೆ ತಡೆಯಲಾಗಲಿಲ್ಲ. ನನ್ನ ತಲೆಗೆ ಹೊಳೆದದ್ದು ಒಂದೇ: ತಪ್ಪು ಅಜ್ಜಿಯ ಕಿವಿಯಲ್ಲಿಲ್ಲ, ಸೆಟ್ಟಿಂಗಿನಲ್ಲಿದೆ. ಆ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ, ಪ್ರಾಯಶಃ ಹಾಗಿರಲೇಬೇಕು ಎಂದು ನಾನು ಬಯಸಿದ್ದೆ. ಫ್ಯಾಕ್ಟರಿಯಿಂದ ಬಂದವಳೇ ಯೂನಿಫಾರಮ್ಮು ಕೂಡ ಬಿಚ್ಚದೆ ಮೆನುವಿನೊಳಗೆ ಇಳಿಯುತ್ತಿದ್ದೆ. ಸ್ಟೀರಿಯೊ ತೆಗೆದು ಸರೌಂಡ್ ಹಾಕಿದೆ, ಸರೌಂಡ್ ತೆಗೆದು ಸ್ಟೀರಿಯೊ ಹಾಕಿದೆ. ಕನ್ಸೋಲ್ ಸದ್ದನ್ನು ಹೇಗೆ ಕಳಿಸಬೇಕು ಎನ್ನುವ ಪಟ್ಟಿಯಲ್ಲಿ ಒಂದೊಂದಕ್ಕೂ ಟಿಕ್ ಹಾಕಿ, ತೆಗೆದು, ಬೇರೆಯದಕ್ಕೆ ಹಾಕಿದೆ. ದಢದಢ ಇಳಿಸಿದೆ, ಕೀಚಲು ಏರಿಸಿದೆ. ಕೇಬಲ್ ಬಿಚ್ಚಿ ಊದಿ ಸಿಕ್ಕಿಸಿದೆ. ಯಾವುದನ್ನು ಬದಲಾಯಿಸಿದರೂ ಟಿವಿ ನೋಡುತ್ತ ಆಡಿದರೆ ನನಗೆ ಎಲ್ಲವೂ ಸರಿಯಾಗಿಯೇ ಇತ್ತು. ಎಡಗಡೆ ಇದ್ದವನು ಎಡಗಡೆ ಒದೆಯುತ್ತಿದ್ದ, ಸದ್ದೂ ಅವನಿಂದಲೇ ಬಂದಂತೆ ಕೇಳುತ್ತಿತ್ತು. ಮೆನುವಿನಲ್ಲಿ ಇನ್ನು ಒತ್ತಲು ಏನೂ ಉಳಿಯದಾದಾಗ ನನಗೆ ನಿಜವಾಗಿಯೂ ಭಯವಾಯಿತು.

ಭಾನುವಾರ ಮಧ್ಯಾಹ್ನ. ಅವ್ವ ಅಪ್ಪ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರು, ಅಜ್ಜಿ ಮಂಚದ ಮೇಲೆ ಮಲಗಿದ್ದಳು. ಹುಳುಗಳು ಜ್ವರ ಬಿಟ್ಟು ಮೇಯತೊಡಗಿ ನಾಲ್ಕೈದು ದಿನವಾಗಿತ್ತು, ಪರದೆಯ ಹಿಂದಿನಿಂದ ಅವು ಸೊಪ್ಪು ತಿನ್ನುವ ಚರಚರ ಕೇಳುತ್ತಿತ್ತು. ಸಿಟ್ಟಿಗೋ ಹಟಕ್ಕೋ, ಅಜ್ಜಿ ಆಡಿದಂತೆಯೇ ಆಡಿ ನೋಡುತ್ತೇನೆ ಎಂದು ದುಪಟ್ಟಾ ತೆಗೆದು ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡೆ. ತಂಗಿಗೆ ಎದುರಾಳಿಯಾಗಲು ಹೇಳಿದೆ.

ಕತ್ತಲೆಯಲ್ಲಿ ಆಟ ಬೇರೆಯೇ ಆಗಿತ್ತು. ಮೊದಲು ಬರೀ ಗದ್ದಲ. ಆಮೇಲೆ ನಿಧಾನಕ್ಕೆ ಸಣಕಲನ ಹೆಜ್ಜೆ ಬೇರೆಯಾಗಿ ಕೇಳಿಸಿತು, ನನ್ನ ಎಡಗಡೆಯಲ್ಲಿ. ಎಡಕ್ಕೆ ತಳ್ಳಿ ನುಗ್ಗಿದೆ. ಹೆಜ್ಜೆ ದೂರವಾಯಿತು. ಇನ್ನೂ ಎಡಕ್ಕೆ ತಳ್ಳಿದೆ, ಬೆನ್ನ ಮೇಲೆ ಏಟು ಬಿತ್ತು. ಎಲ್ಲಿ ಹೋಗ್ತಿದ್ದೀಯ ಅಕ್ಕ ಎಂದು ತಂಗಿ ನಕ್ಕಳು. ದುಪಟ್ಟಾ ಎತ್ತಿ ನೋಡಿದೆ. ಅವಳ ಜಟ್ಟಿ ನನ್ನ ಬಲಕ್ಕಿದ್ದ. ಸದ್ದೂ ಬಲದಿಂದಲೇ ಬರುತ್ತಿದೆ ಎನಿಸಿತು. ದುಪಟ್ಟಾ ಇಳಿಸಿದೆ. ಸದ್ದು ಎಡಕ್ಕೆ ಹೋಯಿತು. ಎತ್ತಿದೆ, ಬಲಕ್ಕೆ ಬಂತು. ಇಳಿಸಿದೆ, ಎಡಕ್ಕೆ ಹೋಯಿತು.

ದುಪಟ್ಟಾ ಕಿತ್ತೆಸೆದು ಓಡಿಹೋಗಿ ಸೌಂಡ್‌ಬಾರಿನ ಮೇಲಿನ ಟವೆಲ್ ತೆಗೆದೆ. ಗೋಡೆಗೆ ಮುಖ ಮಾಡಿ ಕೂತಿತ್ತು, ನಾನು ಇಟ್ಟಂತೆಯೇ. ಮನುಷ್ಯ ಹಿಂದಕ್ಕೆ ತಿರುಗಿ ನಿಂತರೆ ಅವನ ಎಡಗೈ ಎಲ್ಲಿ ಹೋಗುತ್ತದೆ? ಎಡಗಡೆಯ ಸ್ಪೀಕರ್ ಬಲಕ್ಕೆ ಹೋಗಿತ್ತು, ಬಲಗಡೆಯದು ಎಡಕ್ಕೆ ಬಂದಿತ್ತು. ಆರು ದಿನ! ಕಣ್ಣಿದ್ದ ನಾವು ಯಾರೂ ಗಮನಿಸಿರಲಿಲ್ಲ, ಏಕೆಂದರೆ ಕಣ್ಣು ಎಲ್ಲಿ ನೋಡುತ್ತದೋ ಕಿವಿಯನ್ನೂ ಅಲ್ಲಿಗೇ ಎಳೆದೊಯ್ಯುತ್ತದೆ. ಇಡೀ ಮನೆಯಲ್ಲಿ ಸರಿಯಾಗಿ ಕೇಳಿಸಿಕೊಂಡವಳು ಅಜ್ಜಿ ಒಬ್ಬಳೇ. ಅವಳು ಎರಡೆರಡು ಸಲ ಕೇಳಿದ್ದಳು. ಗಾಜಿನ ಮೇಲೆ ಬೆರಳಿಟ್ಟು ನೋಡಿ, ನಿನ್ನದೇ ತಪ್ಪು ಎಂದು ತೀರ್ಪು ಕೊಟ್ಟವಳು ನಾನು.

ಖುಷಿಗೆ ಕಿರುಚಬೇಕೆನಿಸಿತು, ನಾಚಿಕೆಗೆ ನೆಲ ಸೇರಬೇಕೆನಿಸಿತು. ಎರಡೂ ಒಟ್ಟಿಗೆ. ಮಂಚದ ಹತ್ತಿರ ಹೋಗಿ ಅಜ್ಜಿಯನ್ನು ಎಬ್ಬಿಸಿದೆ. ಬೇಡ ಹೋಗಮ್ಮಿ ಎಂದಳು. ನಾನು ಬಿಡದೆ ಅವಳ ಎರಡೂ ಕೈ ಹಿಡಿದು ಟಿವಿಯ ಹತ್ತಿರ ಕೂರಿಸಿ, ಸೌಂಡ್‌ಬಾರನ್ನು ಎತ್ತಿ ತೊಡೆಯ ಮೇಲಿಟ್ಟೆ. ಜಾಲರಿ ಇರುವುದು ಮುಖ, ನುಣ್ಣಗಿರುವುದು ಬೆನ್ನು ಎಂದು ಅವಳ ಬೆರಳಿನಿಂದಲೇ ಸವರಿಸಿದೆ. ಇದರ ಮುಖವನ್ನು ನಾನೇ ಗೋಡೆಗೆ ತಿರುಗಿಸಿಟ್ಟಿದ್ದೆ, ಹುಳುವಿನ ಜ್ವರಕ್ಕೆಂದು, ಅದಕ್ಕೇ ಎಡ ಬಲವಾಗಿ ಬಲ ಎಡವಾಗಿ ಕೇಳುತ್ತಿತ್ತು, ನಿನ್ನ ಕಿವಿ ಒಂದು ಕೂದಲಷ್ಟೂ ತಪ್ಪಿರಲಿಲ್ಲ ಎಂದು ಹೇಳುವಷ್ಟರಲ್ಲಿ ನನಗೆ ಅಳು ಬಂದಿತ್ತು.

ಅಜ್ಜಿ ಬಹಳ ಹೊತ್ತು ಸೌಂಡ್‌ಬಾರನ್ನು ಆ ತುದಿಯಿಂದ ಈ ತುದಿಗೆ ಸವರುತ್ತ ಕೂತಳು. ಒಂದು ಸಲ ತೊಡೆಯ ಮೇಲೆಯೇ ಅದನ್ನು ತಿರುಗಿಸಿ ನೋಡಿದಳು, ಮತ್ತೆ ತಿರುಗಿಸಿದಳು. ಆಮೇಲೆ ನನ್ನ ಕೆನ್ನೆ ಎಲ್ಲಿದೆ ಎಂದು ದನಿಯಿಂದಲೇ ಅಂದಾಜು ಮಾಡಿ ಒಂದು ಬಾರಿಸಿದಳು. ಗುರಿ ಕರಾರುವಾಕ್ಕು.

“ನನ್ನ ಕಿವೀನ ನಾನೇ ನಂಬ್ದಂಗೆ ಮಾಡ್ಬುಟ್ಯಲ್ಲೇ ಹಾಳಾದೋಳೆ. ತೊಟ್ಟಿಗೆ ಬೀಳ್ತೀನಿ ಅಂತ ಆರು ದಿನ ಹೆದರ್ಕಂಡು ಸತ್ತೆ.”

ಅಷ್ಟು ಸಂತೋಷದಿಂದ ನಾನು ಯಾರ ಏಟನ್ನೂ ತಿಂದಿಲ್ಲ. ತಕ್ಷಣ ಸೌಂಡ್‌ಬಾರನ್ನು ಸರಿಯಾಗಿ, ಮುಖ ನಮ್ಮ ಕಡೆಗೆ ಮಾಡಿ ಇಡಲು ಹೋದೆ. ಸೊಪ್ಪಿನ ಹೊರೆಯೊಂದಿಗೆ ಒಳಗೆ ಬಂದ ಅವ್ವ ಅದನ್ನು ನೋಡಿ, ಇನ್ನೊಂದೆರಡು ದಿನಕ್ಕೆ ಹುಳು ಹಣ್ಣಾಗುತ್ತವೆ, ಈಗ ಅದನ್ನು ಈ ಕಡೆ ತಿರುಗಿಸಿದರೆ ನೋಡು ಎಂದು ಗದರಿದಳು. ಅವಳಿಗೆ ವಿಷಯ ಹೇಳಿ ಒಪ್ಪಿಸಬೇಕು ಎಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಅಜ್ಜಿಯೇ ನನ್ನ ತೋಳು ಹಿಡಿದಳು.

“ಗೋಡೆ ಕಡೀಕೇ ಇರ್ಲಿ ಬುಡು. ಹಿಂದು ಮುಂದಾಗೈತೆ ಅಂತ ಈಗ ಗೊತ್ತಾಯ್ತಲ್ಲ. ನಾನೇ ತಿರುಗಿಸ್ಕಂಡು ಹೊಡೀತೀನಿ.”

ನಾನು ಸೌಂಡ್‌ಬಾರನ್ನು ಮತ್ತೆ ಗೋಡೆಗೆ ಮುಖ ಮಾಡಿ ಇಟ್ಟೆ. ತಂಗಿ ಎದುರು ಕೂತಳು. ಈ ಸಲ ಬೇಕೆಂದು ಸೋತರೆ ಕಾಲು ಮುರಿಯುತ್ತೇನೆ ಎಂದು ಅವಳಿಗೆ ಕಣ್ಣಿನಲ್ಲೇ ಹೇಳಿದೆ. ಮೊದಲ ಸುತ್ತಿನಲ್ಲಿ ಅಜ್ಜಿ ಎರಡು ಸಲ ತಪ್ಪು ಕಡೆಗೆ ಹೋಗಿ ಏಟು ತಿಂದು ಸೋತಳು. ಹೂಂ ಎಂದಳಷ್ಟೆ. ಎರಡನೇ ಸುತ್ತಿನಲ್ಲಿ ಕಡ್ಡಿ ತಳ್ಳುವ ಮುಂಚೆ ಒಂದು ಗಳಿಗೆ ತಡೆಯುತ್ತಿದ್ದಳು. ಎಡದಿಂದ ಕೇಳಿದ್ದನ್ನು ತಲೆಯೊಳಗೆ ಬಲಕ್ಕೆ ತಿರುಗಿಸಿ, ಆಮೇಲೆ ತಳ್ಳುತ್ತಿದ್ದಳು. ಆ ಗಳಿಗೆ ಸಣ್ಣದಾಗುತ್ತಾ ಹೋಯಿತು. ಎರಡನೇ ಸುತ್ತು ಗೆದ್ದಳು! ಸೊಪ್ಪಿನ ಹೊರೆ ಇಳಿಸಿದ ಅವ್ವ ಅಲ್ಲೇ ಅದರ ಮೇಲೆ ಕೂತುಬಿಟ್ಟಳು.

ಮೂರನೇ ಸುತ್ತಿನಲ್ಲಿ ನಾನು ಉಸಿರು ಬಿಟ್ಟೆನೋ ಇಲ್ಲವೋ ನೆನಪಿಲ್ಲ. ತಂಗಿ ನಿಜಕ್ಕೂ ಜೋರಾಗಿ ಆಡುತ್ತಿದ್ದಳು, ಕೆಳತುಟಿ ಕಚ್ಚಿಕೊಂಡಿದ್ದಳು. ಇಬ್ಬರಿಗೂ ಒಂದೊಂದೇ ಏಟಿನಷ್ಟು ಜೀವ ಉಳಿಯಿತು. ಸಣಕಲ ಕೀಚಲು ದನಿಯಲ್ಲಿ ಕೂಗಿ ಹಾರಿದ. ಅವನು ಬಂದ ಸದ್ದು ಕೇಳಿದ್ದು ಬಲಗಡೆಯಿಂದ. ಅಜ್ಜಿ ತಡೆಯಲೇ ಇಲ್ಲ, ಎಡಕ್ಕೆ ತಿರುಗಿ ಒದ್ದಳು.

ಬಿದ್ದ. ತಂಗಿ ಜಾಯ್‌ಸ್ಟಿಕ್ ಎಸೆದು ಅಜ್ಜಿಯ ಕೊರಳಿಗೆ ಜೋತುಬಿದ್ದಳು. ಅವ್ವ ಹುಳುಗಳನ್ನು ಮರೆತು ಚಪ್ಪಾಳೆ ತಟ್ಟಿದಳು. ಆಮೇಲೆ ನಾಲಿಗೆ ಕಚ್ಚಿಕೊಂಡು ಪರದೆಯ ಕಡೆ ನೋಡಿದಳು. ಅವು ಅವುಗಳ ಪಾಡಿಗೆ ಮೇಯುತ್ತಿದ್ದವು.

ಅಜ್ಜಿ ತಂಗಿಯನ್ನು ಬಿಡಿಸಿಕೊಂಡು, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಹಿತ್ತಲ ಕಡೆಗೆ ಮುಖ ಮಾಡಿದಳು. ಈ ವಾರದ ಅಭ್ಯಾಸದಂತೆ ಅವ್ವ ಓಡಿಬಂದು, ಬನ್ನಿ ಅತ್ತೆ ಎಂದು ಕೈ ಚಾಚಿದಳು. ಆ ಕೈಗೆ ಅಜ್ಜಿ ಪಟ್ಟೆಂದು ಒಂದು ಏಟು ಕೊಟ್ಟು, ಹೊಸ್ತಿಲು ದಾಟಿ, ಗಂಟೆಯ ಸದ್ದಿನ ಕಡೆಗೆ ನಡೆದುಹೋದಳು. ನಾವು ಮೂವರೂ ಬಾಗಿಲಲ್ಲಿ ನಿಂತು ನೋಡಿದೆವು, ಯಾರೂ ಹಿಂದೆ ಹೋಗಲಿಲ್ಲ.